'ಇಂಕಾ' ಎಂದರೆ ಯಾರು?

ಹಿಂದೊಮ್ಮೆ ದಕ್ಷಿಣ ಅಮೆರಿಕದ ಪೆರು ದೇಶದ ಪಾಠ ಬಂದಾಗ ನಾನು ತರಗತಿಯಲ್ಲಿ ಬಹಳ ಉತ್ಸಾಹದಿಂದ ಹೇಳಿದ್ದೆ: ಸಂಸ್ಕೃತದಲ್ಲಿ 'ಇನ' ಎಂದರೆ ಸೂರ್ಯ, ಅಲ್ಲಿನ ಇಂಕಾ ದೊರೆಗಳೂ ತಮ್ಮನ್ನು ಸೂರ್ಯನ ಮಕ್ಕಳೆಂದು ಕರೆದುಕೊಂಡವರು, ಇನಕುಲವೇ ಇಂಕಾ ಆಗಿರಬಾರದೇಕೆ? ಹುಡುಗರು ಬೆರಗಾಗಿ ಬರೆದುಕೊಂಡರು. ನಾನು ಹೇಳಿದ್ದು ತಪ್ಪು. ಅದನ್ನು ತಿದ್ದಿಕೊಳ್ಳುವುದಕ್ಕೆಂದೇ ಈ ನಾಲ್ಕು ಮಾತು.

ಮೊದಲು ಅರ್ಥವನ್ನು ನೋಡೋಣ. ಇಂಕಾ ಎಂಬುದು ಆ ರಾಜ್ಯದ ಸಕಲ ಪ್ರಜೆಗಳ ಹೆಸರಲ್ಲ. ಕುಸ್ಕೊ ನಗರದ ರಾಜಕುಲದವರಿಗೆ ಸಲ್ಲುತ್ತಿದ್ದ ಹೆಸರು. ಪಟ್ಟವೇರಿದವನು 'ಸಾಪಾ ಇಂಕಾ', ಎಂದರೆ ಏಕೈಕ ಇಂಕಾ. ಅವನ ಪಟ್ಟದರಸಿ 'ಕೋಯಾ'. ಕುಸ್ಕೊ ಸುತ್ತಲಿನ ಕೆಲವು ಕುಲಗಳಿಗೆ ಇದನ್ನು ಬಿರುದಾಗಿ ಕೊಟ್ಟದ್ದೂ ಉಂಟು. ದೂರದ ಸೀಮೆಯಲ್ಲಿ ಆಲೂಗಡ್ಡೆ ಬೆಳೆಯುತ್ತಿದ್ದ ರೈತ ಇಂಕಾ ಅಲ್ಲ. ರಾಜ್ಯದ ಹೆಸರಿನಲ್ಲಿಯೂ ಆ ಪದವಿಲ್ಲ. ಅದು 'ತಾವಾಂತಿನ್‌ಸುಯು'. 'ತಾವಾ' ಎಂದರೆ ನಾಲ್ಕು, 'ಸುಯು' ಎಂದರೆ ಸೀಮೆ, ನಡುವಿನದು ಕೂಡಿಸುವ ಪ್ರತ್ಯಯ. ಒಟ್ಟಿನಲ್ಲಿ ಒಂದುಗೂಡಿದ ನಾಲ್ಕು ಸೀಮೆ. ವ್ಯಾಕರಣದ ಮೇಷ್ಟರಿಗೆ ಇಂಥ ಪದ ಸಿಕ್ಕಿದರೆ ಹಬ್ಬವೇ ಸರಿ! 1532ರಲ್ಲಿ ಸ್ಪೇನಿನವರು ದೊರೆ ಅತಾಹುವಾಲ್ಪನನ್ನು ಸೆರೆಹಿಡಿದರು. ರಾಜ್ಯ ಹೋಯಿತು, ಅರಸುಕುಲದ ಹೆಸರು ಮಾತ್ರ ಬರಬರುತ್ತಾ ಇಡೀ ನಾಡಿಗೂ ಜನಕ್ಕೂ ರೂಢನಾಮವಾಗಿ ಉಳಿಯಿತು.

ಇನ್ನು ಪದದ ಹುಟ್ಟು. ರಾಜ್ಯದ ಆಡಳಿತ ನಡೆದದ್ದು ಕ್ವೆಚುವಾ ನುಡಿಯಲ್ಲಿ. ಇಂದಿಗೂ ಲಕ್ಷಾಂತರ ಜನ ಅದನ್ನು ಆಡುತ್ತಾರೆ. ಅದರಲ್ಲಿ ಸೂರ್ಯನಿಗೆ 'ಇಂತಿ' ಎಂದು ಹೆಸರು. ಮನೆಗೆ 'ವಾಸಿ' ಎನ್ನುತ್ತಾರೆ. ನಮ್ಮ 'ವಾಸ' ನೆನಪಾಯಿತಲ್ಲವೆ? ಆದರೆ ತಡೆಯಿರಿ. ಕೈಗೆ 'ಮಾಕಿ', ಕಣ್ಣಿಗೆ 'ಞಾವಿ', ಒಂದಕ್ಕೆ 'ಹುಕ್', ಎರಡಕ್ಕೆ 'ಇಸ್ಕಾಯ್', ಮೂರಕ್ಕೆ 'ಕಿಮ್ಸಾ'. ಇಲ್ಲಿ ಸಂಸ್ಕೃತವೆಲ್ಲಿ, ಕನ್ನಡವೆಲ್ಲಿ? ಅಂಗಾಂಗಗಳ ಹೆಸರು, ಎಣಿಕೆಯ ಮಾತು ಇವು ಒಂದು ಕ್ರಮದಲ್ಲಿ ಹೊಂದಿಬಂದರೆ ಮಾತ್ರ ನುಡಿಗಳು ನೆಂಟರು. ಒಂದೆರಡು ಪದ ಹೋಲಿದರೆ ಅದು ಸಂತೆಯಲ್ಲಿ ಕಂಡ ಮುಖದ ಹೋಲಿಕೆಯಷ್ಟೆ.

ಹಾಗಾದರೆ ಈ ಪದ ಬಂದದ್ದೆಲ್ಲಿಂದ? 1539ರಲ್ಲಿ ಕುಸ್ಕೊದಲ್ಲಿ ಹುಟ್ಟಿದ ಗಾರ್ಸಿಲಾಸೊ ದೆ ಲಾ ವೇಗಾ ಎಂಬ ಚರಿತ್ರಕಾರನ ತಾಯಿ ಇಂಕಾ ರಾಜಕುಲದವಳು, ತಂದೆ ಸ್ಪೇನಿನವನು. 1609ರಲ್ಲಿ ಅಚ್ಚಾದ ಗ್ರಂಥದಲ್ಲಿ ಆತ ಒಂದು ಕುತೂಹಲದ ಸಂಗತಿ ತಿಳಿಸುತ್ತಾನೆ: ರಾಜಕುಲದವರು ತಮ್ಮತಮ್ಮೊಳಗೆ ಬೇರೊಂದು ನುಡಿಯನ್ನು ಆಡುತ್ತಿದ್ದರಂತೆ, ಹೊರಗಿನವರು ಅದನ್ನು ಕಲಿಯುವಂತಿರಲಿಲ್ಲವಂತೆ. ಆ ನುಡಿ ತಿತಿಕಾಕಾ ಸರೋವರದ ಸುತ್ತ ಹಿಂದೆ ಬಳಕೆಯಲ್ಲಿದ್ದ, ಈಗ ಯಾರೂ ಆಡದ 'ಪುಕಿನಾ' ಎಂಬುದು ಪೆರುವಿನ ಭಾಷಾಶಾಸ್ತ್ರಜ್ಞ ರೊಡಾಲ್ಫೊ ಸೆರ್ರೋನ್-ಪಾಲೊಮಿನೊ ಅವರ ವಾದ. ಅದು ನಿಜವಾದರೆ ಇಂಕಾ ಪದದ ಬೇರನ್ನು ಕ್ವೆಚುವಾದಲ್ಲಲ್ಲ, ಆ ಸತ್ತ ನುಡಿಯಲ್ಲಿಯೇ ಹುಡುಕಬೇಕಾದೀತು.

ನನ್ನ ಆ ತರಗತಿಯ ಹುಡುಗರು ಈಗ ಸಂಸಾರಸ್ಥರಾಗಿ ಊರೂರು ಸೇರಿದ್ದಾರೆ. ಅವರಲ್ಲಿ ಯಾರ ಮನೆಗಾದರೂ ಈ ಸಂಚಿಕೆ ಬಂದಿದ್ದರೆ, ದಯವಿಟ್ಟು ಹಳೆಯ ನೋಟುಪುಸ್ತಕದ ಆ ಸಾಲನ್ನು ಹೊಡೆದುಹಾಕಲಿ.