ಪೊರೆ ಬಿಡಿಸುವ ಕೈ

ಕೊಟ್ಟಿಗೆಹಾರದಲ್ಲಿ ಬಸ್ಸು ಹತ್ತಿ, ಚಾರ್ಮಾಡಿ ಘಾಟಿ ಇಳಿದು, ಉಜಿರೆ ದಾಟಿ ಮಂಗಳೂರಿನ ದೊಡ್ಡಾಸ್ಪತ್ರೆಗಳಿಗೆ ಹೋಗುವವರಲ್ಲಿ ಸ್ತನ ಕ್ಯಾನ್ಸರ್ ದಾಟಿ ಬಂದ ಹೆಂಗಸರೂ ಇರುತ್ತಾರೆ. ಕೆಲವರಿಗೆ ತೆಗೆದ ಸ್ತನದ ಜಾಗದಲ್ಲಿ ಸಿಲಿಕೋನ್ ಇಂಪ್ಲಾಂಟ್ ಇಟ್ಟಿರುತ್ತಾರೆ. ವರ್ಷಗಳು ಕಳೆದ ಮೇಲೆ ಕೆಲವರಲ್ಲಿ ಅದು ಗಟ್ಟಿಯಾಗುತ್ತದೆ, ನೋಯುತ್ತದೆ, ಇಲ್ಲವೇ ಜಾಗ ಬಿಟ್ಟು ಸರಿಯುತ್ತದೆ. ತೆಗೆಸಿಬಿಡುವುದೋ, ಹೊಸದು ಹಾಕಿಸುವುದೋ? ಈ ಪ್ರಶ್ನೆಯನ್ನು ತಾಳ್ಮೆಯಿಂದ ಬಿಡಿಸುವ ಪ್ಲಾಸ್ಟಿಕ್ ಸರ್ಜನ್ನರ ಕಸುಬಿನ ಬಗ್ಗೆ ನನಗೆ ಬಹಳ ಗೌರವವಿದೆ.

ಕಸುಬು ಹಳೆಯದೇ. 1895ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ವಿನ್ಸೆಂಟ್ಸ್ ಚೆರ್ನಿ ಎಂಬ ಸರ್ಜನ್ ರೋಗಿಯ ಮೈಯಲ್ಲೇ ಇದ್ದ ಕೊಬ್ಬಿನ ಗಂಟನ್ನು ತೆಗೆದು ಸ್ತನದ ಖಾಲಿ ಜಾಗ ತುಂಬಿದರು. ಸಿಲಿಕೋನ್ ಬಂದದ್ದು 1962ರಲ್ಲಿ, ಅಮೆರಿಕದ ಹ್ಯೂಸ್ಟನ್‌ನಲ್ಲಿ, ಥಾಮಸ್ ಕ್ರೋನಿನ್ ಮತ್ತು ಫ್ರಾಂಕ್ ಗೆರೋ ಅವರಿಂದ. ಇದು ಜೀವಮಾನವಿಡೀ ಬಾಳುವ ಸಾಧನವಲ್ಲ ಎಂದು ಇಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ನೇರವಾಗಿಯೇ ಹೇಳುತ್ತದೆ.

ಹೊರಗಿನ ವಸ್ತು ಒಳಗೆ ಹೋದರೆ ದೇಹ ಅದರ ಸುತ್ತ ಪೊರೆಯೊಂದನ್ನು ಕಟ್ಟುತ್ತದೆ. ಇದು ಎಲ್ಲರಲ್ಲೂ ಆಗುತ್ತದೆ, ರೋಗವಲ್ಲ. ಆರಂಭದಲ್ಲಿ ಅದು ಹಲಸಿನ ಬೀಜದ ಮೇಲಿನ ಬಿಳಿ ಸಿಪ್ಪೆಯಷ್ಟು ತೆಳು. ಕೆಲವರಲ್ಲಿ ಮಾತ್ರ ಅದು ದಪ್ಪವಾಗಿ, ಬಿಗಿದು, ಇಂಪ್ಲಾಂಟನ್ನು ಹಿಂಡತೊಡಗುತ್ತದೆ. ಎದೆ ಕಲ್ಲಿನಂತಾಯಿತು ಎಂದು ಹೆಂಗಸರು ಹೇಳುವುದು ಆಗಲೇ. ಈ ಬಿಗಿತವನ್ನು ಅಳೆಯಲು ಬೇಕರ್ ಎಂಬ ನಾಲ್ಕು ಹಂತದ ಅಳತೆಯಿದೆ. ಮೊದಲ ಹಂತದಲ್ಲಿ ಎದೆ ಮೃದು, ಮೂರನೆಯದರಲ್ಲಿ ಆಕಾರ ಕೆಟ್ಟದ್ದು ಕಣ್ಣಿಗೆ ಕಾಣುತ್ತದೆ, ನಾಲ್ಕನೆಯದರಲ್ಲಿ ನೋವೂ ಸೇರುತ್ತದೆ. ಇದಕ್ಕೆ ಯಂತ್ರ ಬೇಕಿಲ್ಲ, ಕಣ್ಣು ಮತ್ತು ಬೆರಳು ಸಾಕು. ಒಳ್ಳೆಯ ಸರ್ಜನ್ ಕೂರಿಸಿ ನೋಡುತ್ತಾರೆ, ಮಲಗಿಸಿ ನೋಡುತ್ತಾರೆ, ಕೈ ಮೇಲೆತ್ತಿಸಿ ನೋಡುತ್ತಾರೆ.

ಬೆರಳಿಗೆ ಸಿಗದ್ದೂ ಉಂಟು. ಇಂಪ್ಲಾಂಟಿನ ಹೊದಿಕೆ ಒಡೆದರೂ ಜೆಲ್ ಪೊರೆಯೊಳಗೇ ಉಳಿದರೆ ಆ ಹೆಂಗಸಿಗೆ ಏನೂ ಗೊತ್ತಾಗುವುದಿಲ್ಲ. ಆಗ ಎಂಆರ್‌ಐ ಚಿತ್ರದಲ್ಲಿ ಒಡೆದ ಹೊದಿಕೆ ಜೆಲ್‌ನೊಳಗೆ ಮಡಿಚಿದ ಎಳೆಗಳಂತೆ ತೇಲುವುದು ಕಾಣುತ್ತದೆ. ಅದಕ್ಕೇ ಸಿಲಿಕೋನ್ ಇಂಪ್ಲಾಂಟ್ ಇರುವವರು ಇಟ್ಟ ಐದಾರು ವರ್ಷಕ್ಕೆ ಮೊದಲ ಸಲ, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಮಾಡಿಸಬೇಕೆಂಬ ಸಲಹೆಯಿದೆ.

ನನ್ನ ಮೆಚ್ಚುಗೆಯೆಲ್ಲ ಶಸ್ತ್ರಚಿಕಿತ್ಸೆಯ ಮೇಜಿನ ಮೇಲಿನ ಕೆಲಸಕ್ಕೆ. ಆದಷ್ಟೂ ಹಳೆಯ ಗಾಯದ ಗೆರೆಯಲ್ಲೇ ಕೊಯ್ದು ಒಳಹೋಗುತ್ತಾರೆ. ಇಂಪ್ಲಾಂಟ್ ಹೊರತೆಗೆಯುವುದು ಸುಲಭ, ಪೊರೆಯದ್ದೇ ಕಷ್ಟ. ಎದೆಯ ಗೋಡೆಯ ಕಡೆ ಅದು ಪಕ್ಕೆಲುಬಿಗೆ ಅಂಟಿರುತ್ತದೆ, ಅದರಾಚೆಗೆ ಶ್ವಾಸಕೋಶ. ಎಳೆದು ಬಿಡಿಸಲು ಹೋದರೆ ಅನಾಹುತ. ಹಾಗಾಗಿ ಪೊರೆ ತೆಳುವಾಗಿದ್ದು ಸಂಶಯವೇನೂ ಇಲ್ಲದಿದ್ದರೆ ಅಲ್ಲಿಯದನ್ನು ಅಲ್ಲೇ ಬಿಡುತ್ತಾರೆ. ಎಲ್ಲವನ್ನೂ ಕಿತ್ತು ತೆಗೆದರೇ ಒಳ್ಳೆಯದೆಂದು ಅನೇಕರು ನಂಬಿದ್ದಾರೆ, ಆದರೆ ಎಲ್ಲಿ ಕೈ ತಡೆಯಬೇಕೆಂದು ತಿಳಿದಿರುವುದೇ ಈ ಕಸುಬಿನ ದೊಡ್ಡ ವಿದ್ಯೆ. ಹೊಸದು ಹಾಕುವುದಾದರೆ ಮೊದಲು ಅಳತೆ ನೋಡುವ ತಾತ್ಕಾಲಿಕ ಇಂಪ್ಲಾಂಟ್ ಇಟ್ಟು, ಅರಿವಳಿಕೆಯಲ್ಲಿರುವವಳನ್ನು ಮೇಜಿನ ಮೇಲೇ ಕುಳಿತ ಭಂಗಿಗೆ ಎತ್ತಿ, ಎರಡೂ ಬದಿಯನ್ನು ಹೋಲಿಸುತ್ತಾರೆ. ಮಲಗಿದಾಗ ಸಮವಾಗಿ ಕಂಡದ್ದು ಕೂತಾಗ ಬೇರೆಯೇ ಆಗಿರುತ್ತದೆ.

ರೇಡಿಯೇಷನ್ ಪಡೆದ ಚರ್ಮಕ್ಕೆ ಮತ್ತೆ ಇಂಪ್ಲಾಂಟ್ ಒಗ್ಗುವುದು ಕಷ್ಟ. ಅಂಥವರಿಗೆ ಬೆನ್ನಿನ ಸ್ನಾಯುವನ್ನೋ ಹೊಟ್ಟೆಯ ಚರ್ಮ–ಕೊಬ್ಬನ್ನೋ ತಂದು ಎದೆ ಕಟ್ಟುತ್ತಾರೆ. ಹೊಟ್ಟೆಯದಾದರೆ ಎರಡು ಮೂರು ಮಿಲಿಮೀಟರ್ ದಪ್ಪದ ರಕ್ತನಾಳಗಳನ್ನು ಸೂಕ್ಷ್ಮದರ್ಶಕದ ಕೆಳಗೆ, ಕೂದಲಿಗಿಂತ ಸಣ್ಣ ದಾರದಿಂದ ಹೊಲಿಯಬೇಕು. ಏನೂ ಬೇಡ, ತೆಗೆದರೆ ಸಾಕು ಎನ್ನುವವರೂ ಇದ್ದಾರೆ. ಅದು ಸೋಲಲ್ಲ. ಚಪ್ಪಟೆ ಎದೆಯನ್ನೂ ಮಡಿಕೆ ಬೀಳದಂತೆ, ನೀಟಾಗಿ ಮುಚ್ಚುವುದು ಪಳಗಿದ ಕೈಗೇ ಸಾಧ್ಯ.

ತುರ್ತಾಗಿ ಹೋಗಬೇಕಾದ ಸಂದರ್ಭವೊಂದಿದೆ. ಇಟ್ಟು ವರ್ಷಗಳಾದ ಮೇಲೆ ಒಂದು ಬದಿಯ ಎದೆ ಇದ್ದಕ್ಕಿದ್ದಂತೆ ನೀರು ತುಂಬಿ ಊದಿದರೆ ಆ ನೀರನ್ನು ಪರೀಕ್ಷೆಗೆ ಕಳಿಸಲೇಬೇಕು. ಒರಟು ಮೈಯ ಇಂಪ್ಲಾಂಟುಗಳ ಜೊತೆಗೆ ಪೊರೆಯಲ್ಲಿ ಹುಟ್ಟುವ ಅಪರೂಪದ ಲಿಂಫೋಮಾ ಕ್ಯಾನ್ಸರ್ ಕಂಡುಬಂದದ್ದರಿಂದಲೇ 2019ರ ಜುಲೈಯಲ್ಲಿ ಅಲರ್ಗನ್ ಕಂಪನಿ ಬಯೋಸೆಲ್ ಮಾದರಿಯನ್ನು ಜಗತ್ತಿನಾದ್ಯಂತ ಹಿಂದಕ್ಕೆ ಪಡೆಯಿತು. ಪೊರೆಯನ್ನು ಒಂದಿಷ್ಟೂ ಬಿಡದೆ ತೆಗೆಯುವುದು ಈ ರೋಗದಲ್ಲಿ. ಬೇಗ ಗೊತ್ತಾದರೆ ಹೆಚ್ಚಿನವರು ಗುಣವಾಗುತ್ತಾರೆ. ಆದರೆ ಯಾವ ಲಕ್ಷಣವೂ ಇಲ್ಲದವರು ಈ ಹೆದರಿಕೆಗೇ ತೆಗೆಸಬೇಕಿಲ್ಲ ಎಂದು ಎಫ್‌ಡಿಎ ಆಗಲೇ ಹೇಳಿತು.

ಅವಸರವಿಲ್ಲದಿದ್ದರೆ ನಮ್ಮ ಕಡೆಯವರು ಕಾಲ ನೋಡಿ ದಿನ ಗೊತ್ತು ಮಾಡಿಕೊಳ್ಳಬೇಕು. ಶಸ್ತ್ರಚಿಕಿತ್ಸೆಯಾದ ಮೇಲೆ ನಾಲ್ಕರಿಂದ ಆರು ವಾರ ಭಾರ ಎತ್ತುವಂತಿಲ್ಲ, ಅಂದರೆ ಕಾಫಿ ಕೊಯ್ಲಿನ ದಿನಗಳು ಆಗವು. ಮಳೆಗಾಲದಲ್ಲಿ ಘಾಟಿಯನ್ನೇ ನಂಬುವಂತಿಲ್ಲ, 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಚಾರ್ಮಾಡಿ ಮುಚ್ಚಿತ್ತು. ಗಾಯದ ನೀರು ಬಸಿಯಲು ಇಟ್ಟ ಡ್ರೈನ್ ಕೊಳವೆ ತೆಗೆಸಲು, ಹೊಲಿಗೆ ತೋರಿಸಲು ಮತ್ತೆ ಮತ್ತೆ ಇಳಿಯಬೇಕಾಗುತ್ತದೆ. ಕೊಯ್ಲು ಮುಗಿದು ಮಳೆ ಶುರುವಾಗುವ ಮುಂಚಿನ ವಾರಗಳೇ ವಾಸಿ.

ಹೋಗುವಾಗ ಇಂಪ್ಲಾಂಟಿನ ಕಾರ್ಡನ್ನು ಮರೆಯದೆ ಒಯ್ಯಿರಿ. ಕಂಪನಿ, ಮಾದರಿ, ಅಳತೆ, ಸೀರಿಯಲ್ ನಂಬರ್ ಅದರಲ್ಲಿರುತ್ತವೆ. ಕಾರ್ಡ್ ಕಳೆದಿದ್ದರೆ ಮೊದಲು ಆಪರೇಷನ್ ಆದ ಆಸ್ಪತ್ರೆಯಲ್ಲಿ ಅಂದಿನ ದಾಖಲೆಯ ಪ್ರತಿ ಕೇಳಿ ಪಡೆಯಿರಿ.