ಮರಳು ಹತ್ತುವ ಮೊದಲು ಗಾಳಿ ಬಿಡಿ

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಲ್ಲಿ ಮಗನೋ ಮಗಳೋ ದುಬೈಯಲ್ಲಿರುವ ಮನೆಗಳು ಈಗ ಕಡಿಮೆಯೇನಿಲ್ಲ. ಚಳಿಗಾಲದಲ್ಲಿ ಅಪ್ಪ ಅಮ್ಮ ಅಲ್ಲಿಗೆ ಹೋಗುತ್ತಾರೆ, ಬುರ್ಜ್ ಖಲೀಫಾ ನೋಡುತ್ತಾರೆ, ಒಂದು ಸಂಜೆ ಡೆಸರ್ಟ್ ಸಫಾರಿಗೂ ಹೋಗಿಬರುತ್ತಾರೆ. ಊರಿಗೆ ಬಂದಮೇಲೆ ಲಾಲ್‌ಬಾಗಿನ ಬಂಡೆಯ ಹತ್ತಿರವೋ ಸ್ಯಾಂಕಿ ಕೆರೆಯ ಏರಿಯ ಮೇಲೋ ವಾಕಿಂಗ್ ಗೆಳೆಯರಿಗೆ ಆ ಸಂಜೆಯನ್ನು ವರ್ಣಿಸುವಾಗ ಒಂದು ಮಾತು ಬಂದೇ ಬರುತ್ತದೆ: "ಟಾರು ರೋಡು ಮುಗಿದ ಕಡೆ ಡ್ರೈವರು ಗಾಡಿ ನಿಲ್ಲಿಸಿ ನಾಲ್ಕೂ ಚಕ್ರದ ಗಾಳಿ ಬಿಟ್ಟುಬಿಟ್ಟ ಕಣ್ರೀ!"

ಗಾಳಿ ಕಡಿಮೆಯಾದರೆ ಪಂಕ್ಚರ್ ಅಂಗಡಿಗೆ ಓಡುವವರು ನಾವು. ಹಾಗಾಗಿ ಇದು ವಿಚಿತ್ರವಾಗಿ ಕಾಣುವುದು ಸಹಜ. ಆದರೆ ಆ ಸಂಜೆಯ ಏರಾಟ ಜಾರಾಟವೆಲ್ಲ ನಿಂತಿರುವುದು ಎಂಜಿನ್ನಿನ ಶಕ್ತಿಯ ಮೇಲಲ್ಲ, ಆ ಬಿಟ್ಟ ಗಾಳಿಯ ಮೇಲೆ.

ಮೊದಲು ಮರಳಿನ ವಿಷಯ. ನಮ್ಮ ಹಳೇ ಬಡಾವಣೆಗಳಲ್ಲಿ ಹೆಂಚಿನ ಮನೆ ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸುವ ಕಡೆಯಲ್ಲೆಲ್ಲ ಫುಟ್‌ಪಾತ್ ತುಂಬ ಎಂ-ಸ್ಯಾಂಡ್ ರಾಶಿ ಬಿದ್ದಿರುತ್ತದೆ. ಎಂ-ಸ್ಯಾಂಡ್ ಎಂದರೆ ಕ್ರಷರಿನಲ್ಲಿ ಪುಡಿಯಾದ ಕಲ್ಲು. ಅದರ ಕಣಗಳಿಗೆ ಮೂಲೆಗಳಿವೆ, ಚೂಪು ಅಂಚುಗಳಿವೆ. ಒಂದಕ್ಕೊಂದು ಸಿಕ್ಕಿಹಾಕಿಕೊಂಡು ಕೂರುತ್ತವೆ, ಅದಕ್ಕೇ ರಾಶಿ ಕಡಿದಾಗಿ ನಿಲ್ಲುತ್ತದೆ. ಮರುಭೂಮಿಯ ಮರಳಿನ ಕಣ ಹಾಗಲ್ಲ. ಗಾಳಿಗೆ ಹಾರಿ, ಬಿದ್ದು, ಇನ್ನೊಂದಕ್ಕೆ ಬಡಿದು ಅದರ ಮೂಲೆಗಳೆಲ್ಲ ಸವೆದಿವೆ. ಗಾಳಿ ಒಳ್ಳೆಯ ಜರಡಿಯೂ ಹೌದು. ಸಣ್ಣ ಧೂಳನ್ನು ದೂರ ಒಯ್ಯುತ್ತದೆ, ದಪ್ಪ ಕಣವನ್ನು ಇದ್ದಲ್ಲೇ ಬಿಡುತ್ತದೆ. ದಿಬ್ಬದಲ್ಲಿ ಉಳಿಯುವುದು ಹೆಚ್ಚುಕಡಿಮೆ ಒಂದೇ ಅಳತೆಯ, ಮಿಲಿಮೀಟರಿನ ಐದನೇ ಒಂದು ಭಾಗದ ಆಸುಪಾಸಿನ ದುಂಡು ಕಣಗಳು. ಸುತ್ತಲೂ ಮರಳೇ ಮರಳಿದ್ದರೂ ಕೊಲ್ಲಿಯ ಊರುಗಳು ಕಾಂಕ್ರೀಟಿಗೆ ಅದನ್ನು ನೆಚ್ಚಿಕೊಳ್ಳದಿರುವುದು ಇದೇ ಕಾರಣಕ್ಕೆ: ತೀರಾ ನಯ, ತೀರಾ ಸಣ್ಣ, ಸಿಮೆಂಟಿನೊಡನೆ ಹಿಡಿತವಿಲ್ಲ.

ಒಣಗಿದ ಇಂಥ ಮರಳನ್ನು ಸುರಿದರೆ ಸುಮಾರು 32ರಿಂದ 34 ಡಿಗ್ರಿ ಇಳಿಜಾರಿನವರೆಗೆ ನಿಲ್ಲುತ್ತದೆ. ಅದಕ್ಕಿಂತ ಕಡಿದಾದರೆ ಜಾರಿ ಮತ್ತೆ ಅದೇ ಕೋನಕ್ಕೆ ಬರುತ್ತದೆ. ದಿಬ್ಬದ ಎರಡು ಮಗ್ಗುಲು ಬೇರೆಬೇರೆ ಆಗಿರುವುದು ಹೀಗೆ. ಗಾಳಿ ಬೀಸಿಬರುವ ಕಡೆ ಇಳಿಜಾರು ನಿಧಾನ, ಮರಳು ತಟ್ಟಿದ ಹಾಗೆ ಗಟ್ಟಿ. ನೆತ್ತಿ ದಾಟಿದ ಕಣಗಳು ಆಚೆ ಬದಿಗೆ ಉದುರಿ ಬಿದ್ದು ಜಾರುಗೋಡೆಯಾಗುತ್ತವೆ. ಅದು ಸಡಿಲ, ಯಾವಾಗಲೂ ಕುಸಿಯುವ ಅಂಚಿನಲ್ಲೇ ಇರುತ್ತದೆ. ಸಫಾರಿಯಲ್ಲಿ ಎಲ್ಲರೂ ಕಿರುಚುವುದು ಈ ಎರಡನೇ ಮಗ್ಗುಲಲ್ಲಿ ಇಳಿಯುವಾಗ.

ಇನ್ನು ಚಕ್ರದ ಲೆಕ್ಕ. ಲ್ಯಾಂಡ್ ಕ್ರೂಸರಿನಂಥ ಗಾಡಿಗೆ ಜನರನ್ನೂ ಸೇರಿಸಿ ಮೂರು ಟನ್ ತೂಕ ಎಂದುಕೊಳ್ಳೋಣ. ಒಂದು ಚಕ್ರದ ಪಾಲಿಗೆ 750 ಕಿಲೋ. ಟೈರಿನಲ್ಲಿ 35 ಪಿಎಸ್‌ಐ ಗಾಳಿಯಿದ್ದರೆ, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು ಎರಡೂವರೆ ಕಿಲೋ ಒತ್ತಡವಿದ್ದರೆ, ಅಷ್ಟು ಭಾರ ಹೊರಲು ನೆಲಕ್ಕೆ ತಾಗಬೇಕಾದ ಜಾಗ 300 ಚದರ ಸೆಂಟಿಮೀಟರ್. ಜೆರಾಕ್ಸ್ ಅಂಗಡಿಯ ಎ4 ಹಾಳೆಯನ್ನು ಮಡಿಸಿ ಅರ್ಧ ಮಾಡಿದರೆ ಎಷ್ಟೋ ಅಷ್ಟು. ಗಾಳಿಯನ್ನು 15ಕ್ಕೆ ಇಳಿಸಿದರೆ ಇದು 700ಕ್ಕೆ ಏರುತ್ತದೆ, ಪೂರ್ತಿ ಹಾಳೆಗಿಂತ ಸ್ವಲ್ಪ ಹೆಚ್ಚು. ಟೈರಿನ ಪಕ್ಕದ ಗೋಡೆಯ ಬಿಗಿಯಿಂದ ಲೆಕ್ಕ ಒಂದಿಷ್ಟು ಆಚೀಚೆ ಆಗುತ್ತದೆ, ಆದರೂ ಚಕ್ರದ ಹೆಜ್ಜೆ ಎರಡು ಪಟ್ಟು ಮೀರಿ ಹಿಗ್ಗಿತು ಎನ್ನಬಹುದು. ಹಿಗ್ಗುವುದು ಅಗಲಕ್ಕಿಂತ ಹೆಚ್ಚಾಗಿ ಉದ್ದಕ್ಕೆ. ಗಟ್ಟಿ ಟೈರು ಮರಳನ್ನು ಬಗೆದು ಹಳ್ಳ ತೋಡುತ್ತದೆ, ಆಮೇಲೆ ತಾನು ತೋಡಿದ ಹಳ್ಳವನ್ನೇ ಹತ್ತಲು ಒದ್ದಾಡುತ್ತದೆ. ಮೆತ್ತಗಾದ ಟೈರು ಮರಳಿನ ಮೇಲೆ ಮಲಗಿ ಹಾಯುತ್ತದೆ.

ಮಡಿಕೇರಿಯಿಂದ ಮಾಂದಲಪಟ್ಟಿಗೆ ಜೀಪಿನಲ್ಲಿ ಹೋದವರಿಗೆ ಇದು ತಲೆಕೆಳಗು ಅನ್ನಿಸಬಹುದು. ಅಲ್ಲಿಯ ಕೆಸರಿಗೆ ದಪ್ಪ ಹಲ್ಲಿನ ಟೈರು ಬೇಕು. ಕೆಸರು ಎಷ್ಟೇ ಜಾರಿದರೂ ಅಡಿಯಲ್ಲಿ ಗಟ್ಟಿ ನೆಲವಿರುತ್ತದೆ, ಹಲ್ಲುಗಳು ಅದನ್ನು ಹುಡುಕಿ ಕಚ್ಚುತ್ತವೆ. ಮರಳಿಗೆ ಹಾಗೆ ಕಚ್ಚಲು ತಳವೇ ಇಲ್ಲ. ಅಲ್ಲಿ ಹಲ್ಲು ಹೆಚ್ಚಿದಷ್ಟೂ ಅಗೆತ ಹೆಚ್ಚು.

ಈ ಉಪಾಯವನ್ನು ವಿಜ್ಞಾನದ ಹಂತಕ್ಕೆ ಒಯ್ದವನು ರಾಲ್ಫ್ ಬ್ಯಾಗ್ನಾಲ್ಡ್ (1896-1990) ಎಂಬ ಬ್ರಿಟಿಷ್ ಸೇನೆಯ ಎಂಜಿನಿಯರ್. 1920ರ ದಶಕದಲ್ಲಿ ಈಜಿಪ್ಟಿನಲ್ಲಿದ್ದಾಗ ರಜೆ ಸಿಕ್ಕಿದರೆ ಸಾಕು, ಗೆಳೆಯರನ್ನು ಕಟ್ಟಿಕೊಂಡು ಫೋರ್ಡ್ ಕಾರುಗಳಲ್ಲಿ ಲಿಬಿಯಾ ಮರುಭೂಮಿಗೆ ಹೊರಡುತ್ತಿದ್ದ. ಒಂಟೆಗೂ ಕಷ್ಟ ಎನ್ನುತ್ತಿದ್ದ ಮರಳ ಸಮುದ್ರವನ್ನು ಸಾಮಾನ್ಯ ಕಾರಿನಲ್ಲಿ ದಾಟಿದ. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಸಿಗುವ ಗಾಡಿಗಳಲ್ಲ ಅವು. ಟೈರಿನ ಗಾಳಿ ಇಳಿಸುವುದು, ಹೂತ ಚಕ್ರದ ಕೆಳಗೆ ಉಕ್ಕಿನ ಪಟ್ಟಿ ತೂರಿಸುವುದು, ರೇಡಿಯೇಟರಿನಿಂದ ಹೋಗುವ ಹಬೆಯನ್ನು ಹಿಡಿದು ಮತ್ತೆ ನೀರು ಮಾಡಿಕೊಳ್ಳುವುದು, ಕಾರಿನ ಕಬ್ಬಿಣಕ್ಕೆ ಸಿಕ್ಕಿ ದಿಕ್ಕು ತಪ್ಪುವ ಅಯಸ್ಕಾಂತದ ದಿಕ್ಸೂಚಿಯ ಬದಲು ಬಿಸಿಲಿನ ನೆರಳು ನೋಡಿ ದಾರಿ ಹಿಡಿಯುವುದು, ಇವೆಲ್ಲ ಅವನ ತಂಡ ಪಳಗಿಸಿದ ವಿದ್ಯೆಗಳು.

ಅಷ್ಟಕ್ಕೇ ನಿಲ್ಲದಿದ್ದುದು ಅವನ ದೊಡ್ಡತನ. ದಿಬ್ಬ ಯಾಕೆ ಒಂದೇ ಆಕಾರ ತಾಳುತ್ತದೆ, ಯಾಕೆ ನಡೆಯುತ್ತದೆ ಎಂಬ ಪ್ರಶ್ನೆ ಅವನನ್ನು ಬಿಡಲಿಲ್ಲ. ಸೇನೆಯಿಂದ ನಿವೃತ್ತನಾಗಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಗಾಳಿಸುರಂಗ ಕಟ್ಟಿ, ಅದರಲ್ಲಿ ಮರಳು ಹಾರಿಸಿ ನೋಡಿದ. ಕಣಗಳು ಧೂಳಿನಂತೆ ತೇಲುವುದಿಲ್ಲ. ನೆಲದಿಂದ ಚಿಮ್ಮುತ್ತವೆ, ಗಾಳಿಯಿಂದ ವೇಗ ಪಡೆಯುತ್ತವೆ, ಬಿದ್ದಲ್ಲಿ ಮತ್ತಷ್ಟು ಕಣಗಳನ್ನು ಎಬ್ಬಿಸುತ್ತವೆ. ದಿಬ್ಬ ಸಾಗುವುದು ಈ ಕುಪ್ಪಳಿಕೆಯಿಂದ. ಹಾರುವ ಮರಳಿನ ಭೌತಶಾಸ್ತ್ರದ ಬಗ್ಗೆ ಅವನ ಪುಸ್ತಕ 1941ರಲ್ಲಿ ಹೊರಬಂತು. ಅಷ್ಟರಲ್ಲಿ ಯುದ್ಧ ಶುರುವಾಗಿ, 1940ರಲ್ಲೇ ಅವನು ಮರುಭೂಮಿಯೊಳಗೆ ದೂರ ನುಗ್ಗುವ ಸೇನಾ ತುಕಡಿಯನ್ನು ಕಟ್ಟಿದ್ದ. ಮಂಗಳ ಗ್ರಹದ ಮರಳ ದಿಬ್ಬಗಳನ್ನು ಅರ್ಥಮಾಡಿಕೊಳ್ಳಲು ವಿಜ್ಞಾನಿಗಳು ಇವತ್ತಿಗೂ ಆ ಪುಸ್ತಕವನ್ನು ತೆರೆಯುತ್ತಾರೆ. ಪ್ರವಾಸಿಗಳ ಮೋಜಿನ ಸಂಜೆಗೆ ಇಂಥ ಪೂರ್ವಜನೊಬ್ಬನಿದ್ದಾನೆ ಎಂಬುದು ಯಾವ ಟಿಕೆಟ್ಟಿನ ಮೇಲೂ ಅಚ್ಚಾಗಿರುವುದಿಲ್ಲ.

ಕುಪ್ಪಳಿಸುವ ಮರಳು ನೋಡಲು ನಮಗೆ ವಿಮಾನ ಬೇಡ, ತಲಕಾಡಿದೆ. ಗಂಗರ ರಾಜಧಾನಿಯಾಗಿದ್ದ ಊರು, 1117ರ ಹೊತ್ತಿಗೆ ವಿಷ್ಣುವರ್ಧನ ಕೀರ್ತಿನಾರಾಯಣ ಗುಡಿ ಕಟ್ಟಿಸಿದ ಊರು, ಮರಳಿನಡಿ ಹೂತುಹೋಗಿದೆ. ಅಲಮೇಲಮ್ಮನ ಶಾಪದ ಕಥೆ ಎಲ್ಲರಿಗೂ ಗೊತ್ತು. ಕಾದಂಬರಿಕಾರರೂ ಕೃಷಿ ವಿಜ್ಞಾನಿಯೂ ಆದ ಕೆ. ಎನ್. ಗಣೇಶಯ್ಯನವರು ಶಾಪದ ಹಿಂದಿನ ಪರಿಸರವನ್ನು ಕೆದಕಿದ್ದಾರೆ: ನದಿಗೆ ಒಡ್ಡು ಬಿದ್ದು ನೀರು ಇಳಿದು ಮರಳ ಹಾಸು ಬಿಸಿಲಿಗೆ ಬಿತ್ತು, ಒಣಗಿದ ಮರಳನ್ನು ಗಾಳಿ ಊರಿನ ಮೇಲೆ ತಂದು ಸುರಿಯಿತು. ಬ್ಯಾಗ್ನಾಲ್ಡ್ ಹೇಳಿದ ನಿಯಮ ಕಾವೇರಿಯ ದಂಡೆಗೂ ಅದೇ.

ಮರಳ ಓಟಕ್ಕೆ ತಡೆ ಹಾಕುವುದು ಬೇರು. ದುಬೈಯ ದಿಬ್ಬಗಳ ನಡುವೆ ಅಲ್ಲಲ್ಲಿ ಒಂಟಿಯಾಗಿ ನಿಂತಿರುವ ಮರವನ್ನು ಅಲ್ಲಿಯವರು ಗಾಫ್ ಎನ್ನುತ್ತಾರೆ. ಅದು ಸಂಯುಕ್ತ ಅರಬ್ ಸಂಸ್ಥಾನದ ರಾಷ್ಟ್ರೀಯ ಮರ. ಸಸ್ಯಶಾಸ್ತ್ರದ ಹೆಸರು ಪ್ರೊಸೊಪಿಸ್ ಸಿನೆರೇರಿಯಾ, ಅಂದರೆ ವಿಜಯದಶಮಿಯ ದಿನ ನಾವು ಪೂಜಿಸುವ ಶಮೀವೃಕ್ಷ, ನಮ್ಮ ಬನ್ನಿ. ಬೇರು ಬಲು ಆಳಕ್ಕಿಳಿದು ನೀರು ಹುಡುಕುತ್ತದೆ. ಅದರ ಎಳೆ ಸಸಿಯ ಮೇಲೆ ಮೂರು ಟನ್ ಗಾಡಿ ಹಾಯ್ದರೆ ಉಳಿಯುವುದಿಲ್ಲ ಎನ್ನಲು ಸಂಶೋಧನೆ ಬೇಕಿಲ್ಲ. ದುಬೈ ತನ್ನ ನೆಲದ ಇಪ್ಪತ್ತನೇ ಒಂದು ಭಾಗದಷ್ಟನ್ನು, ಸುಮಾರು 225 ಚದರ ಕಿಲೋಮೀಟರನ್ನು, ಸಂರಕ್ಷಿತ ಮರುಭೂಮಿ ಎಂದು ಬೇಲಿ ಹಾಕಿ ಬಿಟ್ಟಿರುವುದು ಒಳ್ಳೆಯ ಕೆಲಸ. ಉಳಿದ ಕಡೆಯ ಚಕ್ರದ ಗೀರುಗಳನ್ನು ನೋಡಿದರೆ ಬೇಲಿ ಇನ್ನಷ್ಟು ದೂರ ಹೋಗಬಹುದಿತ್ತು ಅನ್ನಿಸುತ್ತದೆ.

ಮತ್ತೆ ಗಾಡಿಗೆ ಬರೋಣ. ಸಾಧಾರಣ ಡಿಫರೆನ್ಷಿಯಲ್‌ಗೆ ಒಂದು ದೌರ್ಬಲ್ಯವಿದೆ. ಎರಡು ಪಕ್ಕದ ಚಕ್ರಗಳಿಗೆ ಅದು ತಿರುಚುಬಲವನ್ನು ಸಮನಾಗಿ ಹಂಚುತ್ತದೆ. ಒಂದು ಚಕ್ರ ಸಡಿಲ ಮರಳಲ್ಲಿ ಸುಮ್ಮನೆ ತಿರುಗತೊಡಗಿದರೆ, ಹಿಡಿತವಿರುವ ಚಕ್ರಕ್ಕೂ ಅಷ್ಟೇ ಚೂರು ಬಲ. ಅದಕ್ಕೇ ಇಂಥ ಗಾಡಿಗಳಲ್ಲಿ ಡಿಫರೆನ್ಷಿಯಲ್ಲನ್ನು ಲಾಕ್ ಮಾಡುವ ವ್ಯವಸ್ಥೆ. ಜಾರುವ ಚಕ್ರ ಕಂಡ ಕೂಡಲೇ ಎಂಜಿನ್ನಿನ ಬಲ ತಗ್ಗಿಸುವ ಎಲೆಕ್ಟ್ರಾನಿಕ್ ಕಾವಲುಗಾರನನ್ನೂ ಡ್ರೈವರು ಮೊದಲೇ ಆಫ್ ಮಾಡಿರುತ್ತಾನೆ. ಟಾರಿನ ಮೇಲೆ ಜೀವ ಉಳಿಸುವ ಸಾಧನ ಮರಳಲ್ಲಿ ಹೂತುಹಾಕುತ್ತದೆ. ಮರಳು ಚಕ್ರವನ್ನು ಹಿಡಿದೆಳೆಯುವ ಬಲ ಟಾರಿನದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚಿರುವುದರಿಂದ ಓಟದ ರಭಸ ಬಿಡುವ ಹಾಗಿಲ್ಲ. ಬ್ರೇಕ್ ಒತ್ತಿದರೆ ಚಕ್ರದ ಮುಂದೆ ಮರಳು ಗುಡ್ಡೆಯಾಗುತ್ತದೆ, ಹಾಗಾಗಿ ನಿಲ್ಲಬೇಕೆಂದರೆ ತಾನಾಗಿ ನಿಲ್ಲಲು ಬಿಡಬೇಕು, ಆದಷ್ಟೂ ಇಳಿಜಾರಿಗೆ ಮುಖ ಮಾಡಿ. ಜಾರುಗೋಡೆಯಲ್ಲಿ ಮೂತಿ ನೆಟ್ಟಗೆ ಕೆಳಕ್ಕಿರಬೇಕು. ಅಡ್ಡ ತಿರುಗಿದರೆ ಕೆಳಬದಿಯ ಚಕ್ರಗಳು ಹೂತು ಗಾಡಿ ಮಗುಚುತ್ತದೆ, ಒಳಗೆ ಉಕ್ಕಿನ ಪಂಜರ ಕಟ್ಟಿರುವುದು ಆ ದಿನಕ್ಕೆ. ಮೆತ್ತಗಿನ ಟೈರಿನಲ್ಲಿ ಗಕ್ಕನೆ ತಿರುಗಿಸಿದರೆ ಟೈರೇ ರಿಮ್ಮಿನಿಂದ ಕಳಚುವುದೂ ಉಂಟು.

ಸಂಜೆಯೇ ಯಾಕೆ? ಸೆಕೆ ಕಡಿಮೆ, ಫೋಟೋ ಚೆಂದ ಎಂಬುದು ನಮ್ಮ ಕಾರಣ. ಡ್ರೈವರಿಗೆ ಬೇರೆ ಕಾರಣವಿದೆ. ನಡುಹಗಲಲ್ಲಿ ನೆರಳಿಲ್ಲದೆ ದಿಬ್ಬ ಯಾವುದು, ಹಳ್ಳ ಯಾವುದು ಕಣ್ಣಿಗೆ ತಿಳಿಯುವುದಿಲ್ಲ. ಓರೆ ಬಿಸಿಲಿನಲ್ಲಿ ಪ್ರತಿ ನೆತ್ತಿಗೂ ಒಂದು ಕಪ್ಪು ಅಂಚು ಮೂಡುತ್ತದೆ.

ಗಾಡಿಯಿಂದಿಳಿದ ಮೇಲೆ ಒಂಟೆ. ಅದರ ಗೊರಸಿಲ್ಲದ ಎರಡು ಬೆರಳಿನ ಪಾದದಡಿ ಕೊಬ್ಬಿನ ಅಗಲ ಮೆತ್ತೆಯಿದ್ದು, ಭಾರ ಬಿದ್ದಾಗ ಹರಡಿಕೊಳ್ಳುತ್ತದೆ. ಡ್ರೈವರು ಕವಾಟ ಒತ್ತಿ ಮಾಡಿದ್ದನ್ನು ಒಂಟೆ ಹುಟ್ಟಾ ಮಾಡಿಕೊಂಡು ಬಂದಿದೆ. ಹತ್ತುವವರಿಗೆ ಒಂದು ಎಚ್ಚರಿಕೆ: ಅದು ಏಳುವಾಗ ಹಿಂಗಾಲು ಮೊದಲು, ಆದ್ದರಿಂದ ಹಿಂದಕ್ಕೆ ವಾಲಿ ಕೂರಬೇಕು.

ಸಫಾರಿಯ ಬಿಡಾರ ಸೇರುವಷ್ಟರಲ್ಲಿ ಮರಳು ತಣ್ಣಗಾಗಿರುತ್ತದೆ. ಇಷ್ಟು ಬೇಗ ಯಾಕೆ? ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ಬಾಣಲೆಯ ಮರಳಲ್ಲಿ ಕಾಯಿ ಹುರಿಯುವವರು ಸಟ್ಟುಗ ನಿಲ್ಲಿಸುವುದೇ ಇಲ್ಲ. ಕಣಗಳ ನಡುವೆ ಗಾಳಿಯಿರುವುದರಿಂದ ಮರಳು ತಾನಾಗಿ ಶಾಖ ದಾಟಿಸುವುದು ಬಹಳ ನಿಧಾನ, ಕೆದಕಿದರೆ ಮಾತ್ರ ಬಿಸಿ ಎಲ್ಲೆಡೆ ಮುಟ್ಟುತ್ತದೆ. ಮರುಭೂಮಿಯನ್ನು ಕೆದಕುವವರಿಲ್ಲ. ಹಗಲ ಉರಿಯೆಲ್ಲ ಮೇಲಿನ ತೆಳುಪದರದಲ್ಲೇ ಉಳಿದು, ಸೂರ್ಯ ಮುಳುಗಿದ ಕೂಡಲೇ ಮೋಡವಿಲ್ಲದ ಆಕಾಶಕ್ಕೆ ಸೋರಿಹೋಗುತ್ತದೆ. ಒಂದೂವರೆ ಗೇಣು ಕೆಳಗೆ ಹಗಲಿಗೂ ರಾತ್ರಿಗೂ ಹೆಚ್ಚು ವ್ಯತ್ಯಾಸವೇ ಇಲ್ಲ.

ಖರ್ಜೂರ, ಕಾಫಿ, ಮೆಹಂದಿ ಮುಗಿದು ತನೂರಾ ಕುಣಿತ ಶುರುವಾಗುತ್ತದೆ. ಈಜಿಪ್ಟಿನ ಸೂಫಿ ಪರಂಪರೆಯಿಂದ ಬಂದದ್ದು. ಬಣ್ಣದ ದೊಡ್ಡ ಲಂಗ ತೊಟ್ಟವನು ನಿಂತಲ್ಲೇ ಗಿರಗಿರ ಸುತ್ತುತ್ತಾನೆ. ಲಂಗ ಅರಳಿ ಮೇಲೇಳುವುದು ಹೊರಕ್ಕೆ ಎಳೆಯುವ ಬಲದಿಂದ, ಅದು ಸರಿ. ಆದರೆ ಲಂಗದ ಮೇಲೆ ಏಣು ಏಣಾಗಿ ಮೂಡಿ, ಕುಣಿಯುವವನ ವೇಗಕ್ಕಿಂತ ಬೇರೆ ವೇಗದಲ್ಲಿ ತಿರುಗುವ ಅಲೆಗಳು? ಗುವೆನ್, ಹ್ಯಾನಾ, ಮ್ಯುಲರ್ ಎಂಬ ಮೂವರು ಭೌತವಿಜ್ಞಾನಿಗಳು 2013ರಲ್ಲಿ ಇದನ್ನೇ ಲೆಕ್ಕ ಹಾಕಿ ಪ್ರಬಂಧ ಬರೆದರು. ಚಂಡಮಾರುತಗಳನ್ನು ಸುರುಳಿಯಾಗಿಸುವ ಕೊರಿಯೊಲಿಸ್ ಬಲವೇ ಲಂಗದ ಆ ಏಣುಗಳಿಗೂ ಕಾರಣ.

ಅವನು ಅಷ್ಟು ಸುತ್ತಿಯೂ ನೆಟ್ಟಗೆ ನಿಲ್ಲುತ್ತಾನೆ, ನಮ್ಮವರು ದಿಬ್ಬದ ಮೇಲೆ ಇಪ್ಪತ್ತು ನಿಮಿಷಕ್ಕೆ ಪ್ಲಾಸ್ಟಿಕ್ ಚೀಲ ಕೇಳುತ್ತಾರೆ. ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಅರೆಬಳೆಯಂಥ ನಾಳಗಳಿವೆ, ತಲೆ ತಿರುಗಿದ್ದನ್ನು ಅವು ಮಿದುಳಿಗೆ ಹೇಳುತ್ತವೆ. ಗಾಡಿಯೊಳಗೆ ಕೂತ ಕಣ್ಣಿಗೆ ಎದುರಿನ ಸೀಟು ಅಲ್ಲಾಡದೆ ಕಾಣುತ್ತಿರುತ್ತದೆ, ಕಿವಿ ಮಾತ್ರ ಬಿದ್ದೆವು ಎದ್ದೆವು ಎನ್ನುತ್ತಿರುತ್ತದೆ. ಎರಡು ಸಾಕ್ಷಿಗಳ ಹೇಳಿಕೆ ತಾಳೆಯಾಗದೆ ಹೊಟ್ಟೆ ಕಲಕುತ್ತದೆ. ಚಾರ್ಮಾಡಿ ಘಾಟಿಯ ಬಸ್ಸಿನಲ್ಲಿ ಆಗುವುದೂ ಇದೇ, ಡ್ರೈವರಿಗೆ ಆಗದಿರುವುದೂ ಇದಕ್ಕೇ: ಮುಂದಿನ ತಿರುವು ಅವನಿಗೆ ಮೊದಲೇ ಗೊತ್ತು. ದಿನವೂ ಸುತ್ತುವವರ ಮಿದುಳು ಕಿವಿಯ ದೂರನ್ನು ಅಷ್ಟಾಗಿ ಕೇಳದಿರುವುದನ್ನು ಕಲಿಯುತ್ತದೆ. ಬ್ಯಾಲೆ ನರ್ತಕಿಯರ ಮಿದುಳಿನಲ್ಲಿ ಇದನ್ನು 2013ರಲ್ಲಿ ಅಳೆದು ತೋರಿಸಿದ್ದು ಬ್ಯಾಗ್ನಾಲ್ಡ್ ಮರಳು ಹಾರಿಸಿದ ಅದೇ ಇಂಪೀರಿಯಲ್ ಕಾಲೇಜಿನವರು.

ಹೋಗುವ ಹಿರಿಯರು ಮುಂದಿನ ಸೀಟು ಕೇಳಿ ಪಡೆಯಲಿ, ದೂರದ ದಿಗಂತ ನೋಡುತ್ತಿರಲಿ, ಮೊಬೈಲ್ ಜೇಬಿನಲ್ಲಿರಲಿ. ವಾಂತಿಯ ಮಾತ್ರೆ ಕೆಲಸ ಮಾಡುವುದು ಹೊರಡುವ ಮೊದಲೇ ನುಂಗಿದರೆ, ಹೊಟ್ಟೆ ತೊಳಸಿದ ಮೇಲಲ್ಲ. ಬೆನ್ನು, ಕತ್ತು, ಹೃದಯದ ತೊಂದರೆಯಿರುವವರು, ಬಸುರಿಯರು ದಿಬ್ಬದ ಸವಾರಿ ಬಿಟ್ಟು ನೇರವಾಗಿ ಬಿಡಾರಕ್ಕೇ ಬಿಡುವ ಗಾಡಿ ಇದೆಯೇ ಎಂದು ಬುಕ್ ಮಾಡುವಾಗಲೇ ವಿಚಾರಿಸಬೇಕು. ಲಂಗದ ಮೇಲಿನ ಅಲೆ ನೋಡಲು ಬಿಡಾರವೊಂದೇ ಸಾಕು.