ನಿಮಗಿದು ಗೊತ್ತೇ? ಜಗಳೂರು ಪಾಸ್, ಚನ್ನಗಿರಿ ಫೇಲ್!

■ ಕಂಪ್ಯೂಟರಿನ ಲೆಕ್ಕದಲ್ಲಿ ತಾಲ್ಲೂಕುಗಳ ಹೆಸರು ಅಳೆದರೆ ಜಗಳೂರು 18 ಬೈಟ್, ನ್ಯಾಮತಿ 21, ಚನ್ನಗಿರಿ ಮತ್ತು ಹೊನ್ನಾಳಿ ತಲಾ 24. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ವ್ಯಂಜನಕ್ಕೆ, ಪ್ರತಿ ಸ್ವರಚಿಹ್ನೆಗೆ, ಒತ್ತಕ್ಷರ ತರಿಸುವ ಹಲಂತಕ್ಕೂ ಮೂರು ಮೂರು ಬೈಟ್ ಬೇಕು. ಹಾಗಾಗಿ ಮೂರಕ್ಷರದ ನ್ಯಾಮತಿ ನಾಲ್ಕಕ್ಷರದ ಜಗಳೂರಿಗಿಂತ ಉದ್ದ!

■ ಸಿ-ಶಾರ್ಪ್, ಜಾವಾಗಳಲ್ಲಿ ಮೆಮೊರಿಯ ಉಸ್ತುವಾರಿ ರನ್‌ಟೈಮ್‌ನದ್ದು. ಅದೇ ಮ್ಯಾನೇಜ್ಡ್ ಕೋಡ್. ಸಿ ಭಾಷೆಯ ಲೈಬ್ರರಿಗಳಲ್ಲಿ ಬರೆದವರೇ ಎಲ್ಲ ನೋಡಿಕೊಳ್ಳಬೇಕು. ಅದು ನೇಟಿವ್ ಕೋಡ್. ಮ್ಯಾನೇಜ್ಡ್ ಕಡೆ ಬೈಟ್ ಅರೇಗೆ (ಬೈಟ್‌ಗಳ ಸಾಲಿಗೆ) ತನ್ನ ಉದ್ದ ತನಗೇ ಗೊತ್ತು. ಗಡಿ ದಾಟಿ ನೇಟಿವ್ ಕಡೆ ಹೋಯಿತೋ, ಉಳಿಯುವುದು ಬರೀ ಒಂದು ಪಾಯಿಂಟರ್, ಅಂದರೆ ವಿಳಾಸ. ಉದ್ದವನ್ನು ನಾವೇ ಬೇರೆಯಾಗಿ ಹೇಳಿ ಕಳಿಸಬೇಕು.

■ ಆಂಡ್ರಾಯ್ಡ್ ಫೋನಿನ ಪರದೆಯಲ್ಲಿ ‘ನ್ಯಾಮತಿ’ ಮೂಡುವಾಗಲೂ ಈ ಗಡಿ ದಾಟುವ ಕೆಲಸ ನಡೆಯುತ್ತದೆ. ಯ-ಒತ್ತು ಎಲ್ಲಿ ಕೂರಬೇಕೆಂದು ತೀರ್ಮಾನಿಸುವುದು ಆ್ಯಪ್ ಅಲ್ಲ, ಹಾರ್ಫ್‌ಬಜ್ ಎಂಬ ನೇಟಿವ್ ಲೈಬ್ರರಿ.

■ ಲೈಬ್ರರಿಯೊಂದು ತಾಲ್ಲೂಕಿನ ಹೆಸರಿಗೆ 20 ಬೈಟ್ ಜಾಗ ಇಟ್ಟಿದೆ ಎನ್ನಿ. ಜಗಳೂರು ಸಲೀಸಾಗಿ ಪಾಸ್. ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದ ನ್ಯಾಮತಿ ಒಂದೇ ಒಂದು ಬೈಟಿನಿಂದ ಸೋತು ‘ನ್ಯಾಮತ’ ಆಗುತ್ತದೆ. ಚನ್ನಗಿರಿ ‘ಚನ್ನಗಿ’ಗೆ ನಿಂತರೆ, ಹೊನ್ನಾಳಿ ‘ಹೊನ್ನಾ’ ಎನ್ನುವಷ್ಟರಲ್ಲಿ ಮುಗಿಯುತ್ತದೆ. ಮೂರರಲ್ಲೂ ಬಾಲಕ್ಕೆ ಎರಡು ಅನಾಥ ಬೈಟ್ ಉಳಿದು, ಪ್ರಶ್ನಾರ್ಥಕ ಚಿಹ್ನೆ ಹೊತ್ತ ಕಪ್ಪು ವಜ್ರವಾಗಿ ಕಾಣಬಹುದು. ಇಂಗ್ಲಿಷಿನಲ್ಲಿ ಚನ್ನಗಿರಿಗೆ ಹತ್ತೇ ಬೈಟ್ ಸಾಕು. ಇಂಗ್ಲಿಷಿನಲ್ಲಷ್ಟೇ ಪರೀಕ್ಷಿಸಿ ಕೈತೊಳೆದುಕೊಂಡರೆ ಈ ದೋಷ ಸಿಗುವುದೇ ಇಲ್ಲ.

■ ಸಿ-ಶಾರ್ಪ್‌ನಿಂದ ನೇಟಿವ್ ಫಂಕ್ಷನ್ ಕರೆಯಲು ಬಳಸುವ ಡಾಟ್‌ನೆಟ್‌ನ ಡಿಎಲ್‌ಎಲ್-ಇಂಪೋರ್ಟ್‌ಗೆ ಸಂಕೇತ ಪದ್ಧತಿ ಯಾವುದೆಂದು ಹೇಳದೆ ಹೆಸರನ್ನು ಸ್ಟ್ರಿಂಗ್ ಆಗಿಯೇ ಕೊಟ್ಟರೆ ಸಿ-ಶಾರ್ಪ್ ಅದನ್ನು ‘ಆ್ಯನ್ಸಿ’ (ವಿಂಡೋಸ್‌ನ ಹಳೆಯ ಅಕ್ಷರ ಪದ್ಧತಿ) ಎಂದು ಭಾವಿಸುತ್ತದೆ. ವಿಂಡೋಸ್‌ನಲ್ಲಿ ಕನ್ನಡಕ್ಕೆ ಆ್ಯನ್ಸಿ ಕೋಡ್‌ಪೇಜೇ ಇಲ್ಲ. ಪಾಶ್ಚಾತ್ಯ ಕೋಡ್‌ಪೇಜ್ 1252 ಇರುವ ಯಂತ್ರದಲ್ಲಿ ಜಗಳೂರು ಅತ್ತ ಹೋಗಿ ತಲುಪುವುದು ಹೀಗೆ: ?????? ಲಿನಕ್ಸ್‌ನಲ್ಲಿ ಅದೇ ಕೋಡ್ ಯುಟಿಎಫ್-8 ಬಳಸುವುದರಿಂದ ಸರಿಯಾಗಿ ಓಡುತ್ತದೆ. ತಲೆಕೆಡುವುದು ಇಲ್ಲೇ.

■ ಅದಕ್ಕೇ ಅನೇಕರು ಯುಟಿಎಫ್-8 ಬೈಟ್ ಅರೇಯನ್ನೇ ಕಳಿಸುತ್ತಾರೆ. ಆದರೆ ಆ ಅರೇ ತಯಾರಿಸುವ ಗೆಟ್‌ಬೈಟ್ಸ್ ಕೊನೆಯ ಸೊನ್ನೆಯನ್ನು ಸೇರಿಸುವುದಿಲ್ಲ. ಸೊನ್ನೆ ಕಂಡಲ್ಲಿ ನಿಲ್ಲುವ ಸಿ ಫಂಕ್ಷನ್‌ಗೆ ಜಗಳೂರು ಕಳಿಸಬೇಕಾದರೆ 19 ಬೈಟ್ ಬೇಕು.

■ ಬೇಡದ ಮೆಮೊರಿಯನ್ನು ತೆರವು ಮಾಡುವ ರನ್‌ಟೈಮ್‌ನ ಗಾರ್ಬೇಜ್ ಕಲೆಕ್ಟರ್ ಮೆಮೊರಿಯಲ್ಲಿರುವುದನ್ನು ಆಚೀಚೆ ಸರಿಸುತ್ತದೆ. ಚನ್ನಗಿರಿಯ ಗೋದಾಮಿನಲ್ಲಿ ಅಡಿಕೆ ಚೀಲ ಇಂಥ ಸಾಲಿನಲ್ಲಿದೆ ಎಂದು ಚೀಟಿ ಕೊಟ್ಟು, ವ್ಯಾಪಾರಿ ಬರುವಷ್ಟರಲ್ಲಿ ಹಮಾಲರು ಚೀಲವನ್ನೇ ಬೇರೆಡೆ ಪೇರಿಸಿದಂತೆ. ಹಾಗಾಗದಿರಲೆಂದು ಅರೇಯನ್ನು ‘ಪಿನ್’ ಮಾಡುತ್ತಾರೆ. ಬೈಟ್ ಅರೇಗೆ ಡಾಟ್‌ನೆಟ್‌ನ ಕರೆ ವ್ಯವಸ್ಥೆಯಾದ ಪಿ-ಇನ್ವೋಕ್ ಈ ಕೆಲಸವನ್ನು ತಾನೇ ಮಾಡಿ, ನಕಲು ತೆಗೆಯದೆ ಮೂಲದ ವಿಳಾಸವನ್ನೇ ಕೊಡುತ್ತದೆ.

■ ಆ ಪಿನ್ ಎಷ್ಟು ಹೊತ್ತು? ಕರೆ ಮುಗಿಯುವವರೆಗೆ ಮಾತ್ರ! ಬೆರಳಚ್ಚಿನ ಉದಾಹರಣೆ ನೋಡಿ. ಪಹಣಿಯ ‘ಭೂಮಿ’ ಯೋಜನೆಯಲ್ಲಿ ಸಿಬ್ಬಂದಿಯ ಲಾಗಿನ್‌ಗೆ ಬಂದ ಬೆರಳಚ್ಚು ಇಂದು ನ್ಯಾಯಬೆಲೆ ಅಂಗಡಿಯಲ್ಲೂ ಇದೆ. ಬೆರಳಚ್ಚು ಓದುವ ಯಂತ್ರಗಳ ಲೈಬ್ರರಿ ಸಾಮಾನ್ಯವಾಗಿ ನೇಟಿವ್. ಅದು ಪಾಯಿಂಟರ್ ಇಟ್ಟುಕೊಂಡು ‘ಬೆರಳು ಇಟ್ಟ ಮೇಲೆ ಚಿತ್ರ ತುಂಬುತ್ತೇನೆ’ ಎಂದು ಕೂಡಲೇ ಮರಳಿದರೆ ಪಿನ್ ಬಿಟ್ಟುಹೋಗಿರುತ್ತದೆ. ಚಿತ್ರ ಬಂದು ಬೀಳುವುದು ಯಾರದೋ ಜಾಗಕ್ಕೆ. ಪ್ರೋಗ್ರಾಂ ಕುಸಿಯುವುದು ಇನ್ನೆಲ್ಲೋ, ಇನ್ಯಾವಾಗಲೋ. ಇಂಥಲ್ಲಿ ಜಿಸಿ-ಹ್ಯಾಂಡಲ್‌ನಿಂದ ಪಿನ್ ಮಾಡಿ, ಕೆಲಸ ಮುಗಿದ ಮೇಲೆ ನಾವೇ ಬಿಡಿಸಬೇಕು.

■ 300 × 400 ಚುಕ್ಕೆಗಳ ಕಪ್ಪು-ಬಿಳುಪು ಬೆರಳಚ್ಚು, ಚುಕ್ಕೆಗೊಂದು ಬೈಟಿನಂತೆ 1,20,000 ಬೈಟ್. ಡಾಟ್‌ನೆಟ್‌ನಲ್ಲಿ 85,000 ಬೈಟ್ ಮುಟ್ಟಿದ ವಸ್ತು ನೇರ ಲಾರ್ಜ್ ಆಬ್ಜೆಕ್ಟ್ ಹೀಪ್‌ಗೆ. ಅಲ್ಲಿ ಸರಿಸುವುದು ಅಪರೂಪ. ಹಾಗಂತ ಪಿನ್ ಬೇಡವೆನ್ನುವುದು ಭಂಡ ಧೈರ್ಯ.

■ ಜಾವಾದ ಬೈಟ್ -128ರಿಂದ 127. ‘ಜ’ ಅಕ್ಷರದ 224, 178, 156 ಅಲ್ಲಿ -32, -78, -100. ಬಿಟ್‌ಗಳು ಅವೇ, ಓದುವ ಕ್ರಮ ಬೇರೆ.

■ ಜಾವಾ ಮತ್ತು ನೇಟಿವ್ ಕೋಡ್ ನಡುವಿನ ಸೇತುವೆಯಾದ ಜೆಎನ್‌ಐ ಮೂಲಕ ಅರೇ ಕೇಳಿದರೆ ಸಿಗುವುದು ಮೂಲವೋ ನಕಲೋ ಎಂಬುದು ಜಾವಾ ಯಂತ್ರದ ಮರ್ಜಿ. ಹಿಂತಿರುಗಿಸುವಾಗ ‘ಅಬಾರ್ಟ್’ ಎಂದರೆ ನಕಲಿನಲ್ಲಿ ಮಾಡಿದ ತಿದ್ದುಪಡಿಯೆಲ್ಲ ಕಸದ ಬುಟ್ಟಿಗೆ. 2024ರ ಜಾವಾ 22ರಲ್ಲಿ ಜೆಎನ್‌ಐ ಇಲ್ಲದೆಯೂ ನೇಟಿವ್ ಫಂಕ್ಷನ್ ಕರೆಯುವ ದಾರಿ ಅಧಿಕೃತವಾಯಿತು.

■ ಹೇಳಿದ ಉದ್ದವನ್ನು ಪರೀಕ್ಷಿಸದೆ ನಂಬಿದರೆ? 2014ರ ಏಪ್ರಿಲ್‌ನಲ್ಲಿ ಬಯಲಾದ ಹಾರ್ಟ್‌ಬ್ಲೀಡ್ ದೋಷ ಅದೇ. ಸಿ ಭಾಷೆಯ ಓಪನ್‌ಎಸ್‌ಎಸ್‌ಎಲ್ ಲೈಬ್ರರಿ ಕೇಳಿದವರಿಗೆಲ್ಲ ಒಮ್ಮೆಗೆ 64 ಕಿಲೋಬೈಟ್‌ವರೆಗೆ ಪಕ್ಕದ ಮೆಮೊರಿಯನ್ನೂ ಸೇರಿಸಿ ಕೊಟ್ಟುಬಿಡುತ್ತಿತ್ತು.

■ ಹೊನ್ನಾಳಿಗೆ 27 ಬೈಟ್ ಕೂಡ ಆಗಬಹುದು! ಯೂನಿಕೋಡ್‌ನಲ್ಲಿ ‘ಹೊ’ದ ಒಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಕೊಂಬಿನ ದೀರ್ಘ ಎಂದು ಎರಡಾಗಿ ಒಡೆದೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಬೈಟ್‌ಗೆ ಬೈಟ್ ಹೋಲಿಸುವ ಸಿ ಲೈಬ್ರರಿಗೆ ಮಾತ್ರ ಅವು ಎರಡು ಬೇರೆ ಊರು. ಕಳಿಸುವ ಮುಂಚೆ ನಾರ್ಮಲೈಸ್ ಮಾಡಿಕೊಂಡರೆ ಎರಡೂ ಒಂದೇ ಆಗುತ್ತವೆ.